ಹನ್ನೆರಡೂವರೆಯ ಹಕ್ಕಿಗಳು

ಗಡಿಯಾರ ರಿಪೇರಿ ಮಾಡುವವರ ಮನೆಯಲ್ಲಿ ಸರಿಯಾದ ಟೈಮು ತೋರಿಸುವ ಗಡಿಯಾರ ಒಂದೂ ಇಲ್ಲ ಎಂದರೆ ಕೇಳಿದವರು ನಗುತ್ತಾರೆ. ಆ ಮನೆಯಲ್ಲಿ ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಮಾತ್ರ ನಗು ಬರುವುದಿಲ್ಲ. ಹಜಾರದ ಗೋಡೆಯ ತುಂಬ ಗಿರಾಕಿಗಳ ಗಡಿಯಾರಗಳು. ಒಂದು ಒಂಬತ್ತು ಅನ್ನುತ್ತದೆ, ಪಕ್ಕದ್ದು ಎರಡೂ ಕಾಲು ಅನ್ನುತ್ತದೆ, ಮೂರನೆಯದು ಹೊಡೆಯಲು ಶುರು ಮಾಡಿದರೆ ನಿಲ್ಲಿಸುವುದನ್ನೇ ಮರೆತುಬಿಡುತ್ತದೆ. ಇವುಗಳ ನಡುವೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ಯಜಮಾನರಿಗೆ ಹೊತ್ತು ಹುಟ್ಟಿದ್ದೂ ಗೊತ್ತಿಲ್ಲ, ಮುಳುಗಿದ್ದೂ ಗೊತ್ತಿಲ್ಲ. ಊಟಕ್ಕೆ ಕರೆದರೂ "ಇದೊಂದು ಮುಗಿಸಿ ಬಂದೆ", ಆಸ್ಪತ್ರೆಗೆ ಕರೆದರೂ "ಇದೊಂದು ಮುಗಿಸಿ ಬಂದೆ".

ಹೆಂಡತಿಯೋ, ಇದಕ್ಕೆ ಪೂರ್ತಿ ಉಲ್ಟಾ. ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಗಂಟೆ ಹೊಡೆದವಳು. ಮಕ್ಕಳು ಅವಳನ್ನು ಗಂಟೆಯಮ್ಮ ಎಂದು ಕರೆದರು, ಮೇಷ್ಟರುಗಳೂ ಹಾಗೇ ಕರೆದರು, ಕೊನೆಗೆ ಹೆತ್ತ ಮಗಳೂ ತಮಾಷೆಗೆ ಹಾಗೇ ಕರೆಯತೊಡಗಿದಳು. ಅವಳು ಎರಡನೇ ಗಂಟೆ ಹೊಡೆದಳೆಂದರೆ ಗೇಟು ಮುಚ್ಚಿತು. ಏದುಸಿರು ಬಿಡುತ್ತ ಓಡಿಬಂದ ಮಕ್ಕಳು ಸರಳು ಹಿಡಿದುಕೊಂಡು ಇದೊಂದು ಸಲ ಬಿಡಿ ಎಂದು ಗೋಗರೆದರೂ ಅವಳು ಜಗ್ಗಿದವಳಲ್ಲ. "ಗಂಟೆ ಆಯ್ತು" ಅನ್ನುವಳು, ಅಷ್ಟೇ. ಅದರಾಚೆ ಮಾತಿಲ್ಲ.

ಇಂಥವಳು ಇಂಥವರ ಜೊತೆ ಬಾಳಿದ್ದು ಒಂದು ಸುಳ್ಳಿನ ಬಲದಿಂದ. ಬಸ್ಸು ಎಂಟೂವರೆಗಿದ್ದರೆ ಎಂಟಕ್ಕೆ ಅನ್ನುವಳು. ಡಾಕ್ಟರು ಐದಕ್ಕೆ ಬಾ ಎಂದಿದ್ದರೆ ನಾಲ್ಕೂವರೆ ಅನ್ನುವಳು. ಯಾವುದಕ್ಕೇ ಆಗಲಿ ಅರ್ಧ ಗಂಟೆ ಮೊದಲೇ ಹೇಳುವುದು. ಮದುವೆಯಾದ ವರ್ಷದೊಳಗೇ ಯಜಮಾನರಿಗೆ ಈ ಗುಟ್ಟು ತಿಳಿದುಹೋಯಿತು. ಅವರು ಅವಳು ಹೇಳಿದ್ದಕ್ಕೆ ಅರ್ಧ ಗಂಟೆ ಸೇರಿಸಿಕೊಂಡು, ಅದರ ಮೇಲೆ ತಮ್ಮ ಪಾಲಿನ ತಡವನ್ನೂ ಸೇರಿಸಿ ಹೊರಡತೊಡಗಿದರು. ಅವರು ಸೇರಿಸಿಕೊಳ್ಳುತ್ತಾರೆಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತೆಂದು ಅವರಿಗೂ ಗೊತ್ತು. ಆದರೂ ಇಬ್ಬರೂ ಆ ಚಾಳಿ ಬಿಡಲಿಲ್ಲ.

ತಡವಾಗಿ ಬಂದದ್ದರ ಪಟ್ಟಿ ಹೇಳುತ್ತ ಕೂತರೆ ಬೆಳಗಾಗುತ್ತದೆ. ಮಗಳು ಹುಟ್ಟಿದ ದಿನ ಯಜಮಾನರು ಆಸ್ಪತ್ರೆಗೆ ಬಂದಾಗ ಮಗು ಹಾಲು ಕುಡಿದು ಎರಡನೇ ನಿದ್ದೆಯಲ್ಲಿತ್ತು. ಗಂಟೆಯಮ್ಮನ ಅಪ್ಪ ಅಳಿಯನನ್ನು ನೋಡಬೇಕೆಂದು ಬಾಗಿಲ ಕಡೆಗೇ ಕಣ್ಣಿಟ್ಟುಕೊಂಡು ಪ್ರಾಣ ಬಿಟ್ಟರು. ಅವಳು ನಿವೃತ್ತಿಯಾದ ದಿನ ಶಾಲೆಯವರು ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು, ಭಾಷಣ ಮಾಡಿ, ಕುರ್ಚಿ ಮಡಚುತ್ತಿದ್ದಾಗ ಯಜಮಾನರು ಬಂದರು. ಬಂದವರು ಆ ಗಡಿಯಾರವನ್ನು ಕಿವಿಗೆ ಹಿಡಿದು, ಇದು ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತೆ ಎಂದರು.

ಶಾಲೆಯ ಜಗಲಿಯಲ್ಲಿ ಗಂಟೆಯ ಪಕ್ಕಕ್ಕೆ ಒಂದು ಚಿತ್ರವಿತ್ತು. ಬೆಟ್ಟವೊಂದರ ಮೇಲಿನ ಕಲ್ಲಿನ ಮಂಟಪದ್ದು. ಎರಡು ಸಾವಿರ ವರ್ಷದ್ದು ಎನ್ನುತ್ತಾರೆ, ಕಟ್ಟಿದವರು ಯಾರೆಂದು ಗೊತ್ತಿಲ್ಲ, ಲೋಕದ ಮೂಲೆಮೂಲೆಯಿಂದ ಜನ ಬಂದು ನೋಡುತ್ತಾರೆ. ಒಳಗೆ ನಡುಹಗಲಲ್ಲೂ ಕತ್ತಲೆ. ಆಳುದ್ದ ದಪ್ಪನೆಯ ಛಾವಣಿಯಲ್ಲಿ ಒಂದು ಸೀಳು ಬಿಟ್ಟಿದ್ದಾರೆ. ಹೊತ್ತು ನೆತ್ತಿಗೆ ಬಂದಾಗ ಆ ಸೀಳಿನಿಂದ ಒಂದು ಗೆರೆ ಬೆಳಕು ಇಳಿದು ಕನ್ನಡಿಯಂತೆ ನುಣುಪಾದ ಕರಿಕಲ್ಲಿನ ನೆಲಕ್ಕೆ ಬಡಿಯುತ್ತದೆ, ನೆಲದಿಂದ ಮೇಲಕ್ಕೆ ಚಿಮ್ಮುತ್ತದೆ, ಆಗ ಛಾವಣಿಯಲ್ಲಿ ಕೆತ್ತಿದ ಸಾವಿರ ಹಕ್ಕಿಗಳು ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ದಿನಕ್ಕೆ ಆರೇ ನಿಮಿಷ. ಆಮೇಲೆ ಮತ್ತೆ ಕತ್ತಲೆ. ಚಿತ್ರದ ಬಣ್ಣ ಮಾಸಿ ಹಕ್ಕಿಗಳೆಲ್ಲ ಮಸುಕು ಮಚ್ಚೆಗಳಾಗಿದ್ದವು. ಗಂಟೆಯಮ್ಮ ದಿನಕ್ಕೆ ಒಂಬತ್ತು ಸಲ ಹಗ್ಗ ಎಳೆಯುವಾಗಲೂ ಆ ಮಚ್ಚೆಗಳನ್ನೇ ನೋಡಿದಳು. ಒಂದು ದಿನ ಹೋಗಿ ಕಣ್ಣಾರೆ ನೋಡಬೇಕು, ಯಜಮಾನರ ಜೊತೆ ನಿಂತು ನೋಡಬೇಕು ಎಂದುಕೊಂಡಳು. ರಜೆಗೊಮ್ಮೆ ಹೇಳಿದಳು. ಇದೊಂದು ಮುಗಿಸಿ ಹೋಗೋಣ ಎಂದರು.

ಕಳೆದ ವಾರ ಮಗಳು ಫೋನು ಮಾಡಿ ಪೇಪರಿನ ಸುದ್ದಿ ಓದಿ ಹೇಳಿದಳು. ಮಂಟಪದ ಛಾವಣಿ ಬಿರುಕು ಬಿಟ್ಟಿದೆಯಂತೆ. ಬರುವ ಸೋಮವಾರದಿಂದ ಸೀಳು ಮುಚ್ಚಿ ರಿಪೇರಿಗೆ ತೆಗೆದುಕೊಳ್ಳುತ್ತಾರಂತೆ. ಒಂಬತ್ತು ವರ್ಷದ ಕೆಲಸ. ಗಂಟೆಯಮ್ಮನಿಗೆ ಈಗ ಅರವತ್ತನಾಲ್ಕು. ಒಂಬತ್ತು ಸೇರಿಸಿದರೆ ಎಪ್ಪತ್ತಮೂರು. ಮೊಣಕಾಲು ಈಗಲೇ ಮೂರು ಮೆಟ್ಟಿಲಿಗೆ ಒಮ್ಮೆ ಅಳುತ್ತಿದೆ. ಈಗ ಬಿಟ್ಟರೆ ಇಲ್ಲ ಎಂದು ಅವಳಿಗೆ ಖಚಿತವಾಯಿತು. ಮಗಳೇ ಅಪ್ಪ-ಅಮ್ಮ ಇಬ್ಬರಿಗೇ ಅಂತ ಒಂದು ಕಾರು, ಜೊತೆಗೊಬ್ಬ ಗೈಡನ್ನು ಭಾನುವಾರಕ್ಕೆ ಗೊತ್ತುಮಾಡಿದಳು. ಗುಂಪಿನಲ್ಲಿ ಹೋದರೆ ಅಪ್ಪನಿಗೆ ಯಾರೂ ಕಾಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಗೈಡು ಆರಕ್ಕೆ ಸರಿಯಾಗಿ ಬಂದ. ಕಾರು ಓಡಿಸುವವನೂ ಅವನೇ. ಇಸ್ತ್ರಿ ಅಂಗಿ, ಬಗಲಲ್ಲಿ ಕೊಡೆ, ಬಾಯಲ್ಲಿ ಅರಳು ಹುರಿದಂತೆ ಮಾತು. ಗಂಟೆಯಮ್ಮ ಅವನನ್ನು ಗೇಟಿನಾಚೆ ಕರೆದು ಬೆಳಕು ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ಕೇಳಿದಳು. ಹನ್ನೆರಡೂವರೆಗೆ ಎಂದ. ಯಜಮಾನರು ಕೇಳಿದರೆ ಹನ್ನೆರಡಕ್ಕೆ ಎನ್ನಬೇಕು, ತಪ್ಪಿ ಬಾಯಿ ಬಿಟ್ಟೀಯ ಜೋಕೆ ಎಂದಳು. ಅವನು ಹುಬ್ಬು ಹಾರಿಸಿ, ಎಲ್ಲ ನಾನು ನೋಡಿಕೊಳ್ಳುತ್ತೇನೆ, ನೀವು ಆರಾಮಾಗಿರಿ ಎಂದ. ಆರಾಮಾಗಿರಿ ಎಂದವರನ್ನು ಅವಳು ಹುಟ್ಟಿದಾರಭ್ಯ ನಂಬಿದವಳಲ್ಲ.

ಒಳಗೆ ಯಜಮಾನರು ಒಂದು ಅಲಾರಂ ಗಡಿಯಾರದ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತಿದ್ದರು. ಇವತ್ತು ಹಾಳಾಗಿ ಹೋಗಲಿ ಬಿಡಿ ಅದು ಎಂದಳು. ಬಿಚ್ಚಿದ್ದನ್ನು ಹಾಗೇ ಬಿಟ್ಟುಹೋದರೆ ಸ್ಪ್ರಿಂಗು ಮುನಿಸಿಕೊಳ್ಳುತ್ತದೆ ಎಂದರು. ಹೆಂಡತಿ ಮುನಿಸಿಕೊಂಡರೆ ನಡೆಯುತ್ತದೆ, ಸ್ಪ್ರಿಂಗು ಮುನಿಸಿಕೊಳ್ಳಬಾರದು. ಕಾರು ಹೊರಟಾಗ ಏಳಕ್ಕೆ ಹತ್ತು ನಿಮಿಷ. ಮೊಬೈಲು ಚಾರ್ಜಿಗಿಟ್ಟಲ್ಲೇ ಉಳಿಯಿತು ಎಂದು ಯಜಮಾನರಿಗೆ ನೆನಪಾದದ್ದು ಊರು ದಾಟಿ ಅರ್ಧ ಗಂಟೆಯಾದ ಮೇಲೆ.

ದಾರಿಯಲ್ಲಿ ಗೈಡು ತನ್ನ ಪುರಾಣ ತೆಗೆದ. "ಬಹಳ ಹಿಂದೆ ಈ ಬೆಟ್ಟದ ಮೇಲೆ ಒಂದು ಹಕ್ಕೀನೂ ಇರ್ಲಿಲ್ಲ. ಮೊದಲು ಬಂದದ್ದು ಗುಬ್ಬಿ," ಎಂದು ರಾಗವಾಗಿ ಶುರು ಮಾಡಿದ. ಗಂಟೆಯಮ್ಮ ನಡುವೆ ಬಾಯಿ ಹಾಕಿ ಇನ್ನೆಷ್ಟು ದೂರ ಎಂದು ಕೇಳಿದಳು. ಅವನು ದೂರ ಹೇಳಿ, ಗಂಟಲು ಸರಿಮಾಡಿಕೊಂಡು, ಬಹಳ ಹಿಂದೆ ಈ ಬೆಟ್ಟದ ಮೇಲೆ ಎಂದು ಮತ್ತೆ ಮೊದಲಿನಿಂದ ಹೊರಟ. ಪಾಠ ಉರುಹೊಡೆದ ಹುಡುಗರದ್ದೂ ಇದೇ ಕಥೆ, ನಡುವೆ ತಡೆದರೆ ಮತ್ತೆ ಮೊದಲ ಸಾಲಿಗೇ ಓಡುತ್ತಾರೆ. ಗುಬ್ಬಿಯವರೆಗೆ ಬಂದ. ನಿಧಾನ ಯಾಕೆ ಓಡಿಸುತ್ತೀಯ ಎಂದಳು. ಮತ್ತೆ ಬಹಳ ಹಿಂದೆ. ಹೀಗೆ ಆ ಗುಬ್ಬಿ ಏಳು ಸಲ ಬೆಟ್ಟಕ್ಕೆ ಬಂತು, ಎರಡನೇ ಹಕ್ಕಿ ಬರಲೇ ಇಲ್ಲ. ಹಿಂದಿನ ಸೀಟಿನಲ್ಲಿ ಯಜಮಾನರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು.

ತಿಂಡಿಗೆಂದು ನಿಲ್ಲಿಸಿದಲ್ಲಿ ಮುಕ್ಕಾಲು ಗಂಟೆ ಹೋಯಿತು. ಚಕ್ರಕ್ಕೆ ಗಾಳಿ ಹಾಕಿಸುತ್ತೇನೆಂದು ಒಂದು ಕಾಲು ಗಂಟೆ. ಅಂತೂ ಹನ್ನೊಂದೂ ಕಾಲಿಗೆ ಬೆಟ್ಟದ ಬುಡ ಮುಟ್ಟಿದರು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಗಂಟೆಯಮ್ಮನಿಗೆ ಮೊದಲ ಬಾರಿಗೆ ಜೀವ ಹಗುರಾಯಿತು. ಆಗ ಗೈಡು ಕಾರನ್ನು ಬೆಟ್ಟದ ಕಡೆ ತಿರುಗಿಸುವುದು ಬಿಟ್ಟು ಕಲ್ಲಿನ ಬೊಂಬೆ ಮಾರುವ ಅಂಗಡಿಯೊಂದರ ಮುಂದೆ ನಿಲ್ಲಿಸಿದ. ಐದೇ ನಿಮಿಷ, ಬರೀ ನೋಡಿ, ಕೊಳ್ಳಲೇಬೇಕೆಂದಿಲ್ಲ ಎಂದ. ಅವನಿಗೆ ಅಲ್ಲಿ ಏನೋ ಒಳಒಪ್ಪಂದವಿದೆ ಎಂಬುದು ಎಂಥವರಿಗೂ ತಿಳಿಯುವಂತಿತ್ತು. ಅವಳಿಗೆ ಪಿತ್ತ ನೆತ್ತಿಗೇರಿತು. ತಾನು ಇಳಿಯುವುದಿಲ್ಲ ಎಂದು ಕಾರಿನಲ್ಲೇ ಕೂತಳು. ಯಜಮಾನರು ಕಾಲು ನೀಡಿದಂತಾಗುತ್ತದೆ ಎಂದು ಇಳಿದರು.

ಅದೇ ತಪ್ಪಾಯಿತು. ಅಂಗಡಿಯ ಗೋಡೆಯ ಮೇಲೆ ಆಳೆತ್ತರದ ಹಳೆಯ ಲೋಲಕದ ಗಡಿಯಾರವೊಂದು ನಿಂತುಹೋಗಿತ್ತು. ಅಂಗಡಿಯವನ ತಾತನ ಕಾಲದ್ದು, ಹನ್ನೊಂದು ವರ್ಷದಿಂದ ಉಸಿರೆತ್ತಿಲ್ಲ. ಅವಳು ಕಾರಿನಿಂದ ಇಳಿದು ಹೋಗಿ ನೋಡುವಷ್ಟರಲ್ಲಿ ಯಜಮಾನರು ಕುರ್ಚಿಯ ಮೇಲೆ ಹತ್ತಿ ಅದರ ಬಾಗಿಲು ತೆಗೆದಿದ್ದರು. ಜೇಬಿನಿಂದ ಭೂತಗನ್ನಡಿ ಹೊರಬಂದಿತ್ತು. ಪ್ರವಾಸಕ್ಕೆ ಬಂದವರ ಜೇಬಿನಲ್ಲಿ ಅದಕ್ಕೇನು ಕೆಲಸ ಎಂದು ಕೇಳಬೇಕೆನಿಸಿತು. ಕೇಳಿ ಏನು ಬಂತು?

"ಹನ್ನೆರಡಕ್ಕೆ ಬೆಳಕು," ಎಂದಳು. "ಇವತ್ತು ಬಿಟ್ರೆ ಇನ್ನಿಲ್ಲ. ಗೊತ್ತಲ್ಲ?"

"ಗೊತ್ತು ಮಾರಾಯ್ತಿ. ನೀನು ಹತ್ತುತಾ ಇರು. ನಿನ್ನ ಹಿಂದೇನೇ ಬಂದೆ."

ನಿನ್ನ ಹಿಂದೇನೇ ಬಂದೆ ಎಂಬ ಮಾತಿಗೆ ಅವರ ಲೆಕ್ಕದಲ್ಲಿ ಏನರ್ಥ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಈ ಭೂಮಿಯ ಮೇಲೆ ಇರಲಿಲ್ಲ. ಆದರೆ ಮುಂದೆ ನೂರಾನಲವತ್ತು ಮೆಟ್ಟಿಲಿದ್ದವು, ಅವಳ ಕಾಲಿಗೆ ಅರ್ಧ ಗಂಟೆಯಾದರೂ ಬೇಕಿತ್ತು. ಗೈಡು ತಂದುಕೊಟ್ಟ ಎರಡು ಟಿಕೆಟುಗಳನ್ನೂ ಕೈಯಲ್ಲಿ ಹಿಡಿದುಕೊಂಡು, ಗೈಡಿನ ಕೊಡೆಯನ್ನೇ ಊರುಗೋಲು ಮಾಡಿಕೊಂಡು ಹೊರಟಳು. ಪಕ್ಕದಲ್ಲಿ ಗೈಡು ಬಹಳ ಹಿಂದೆ ಎಂದು ಬಾಯಿ ತೆರೆದ. ಉಸಿರಾಡಲು ಬಿಡಪ್ಪಾ ಎಂದಳು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮೇಲಿನ ಗೇಟು ತಲುಪಿದಳು. ಜನ ಸಾಲುಗಟ್ಟಿ ಒಳಗೆ ಹೋಗುತ್ತಿದ್ದರು. ಗೇಟಿನಿಂದ ಒಳಗಿನ ಬಾಗಿಲಿಗೆ ಒಂದು ಉದ್ದನೆಯ ಕಲ್ಲಿನ ಓಣಿ. ಹನ್ನೆರಡು ಇಪ್ಪತ್ತೈದಕ್ಕೆ ಗಂಟೆ ಹೊಡೆದು ಆ ಬಾಗಿಲು ಮುಚ್ಚುತ್ತಾರೆ, ಹೊರಗಿನ ಬೆಳಕು ನುಗ್ಗಿದರೆ ಹಕ್ಕಿಗಳು ಕಾಣುವುದಿಲ್ಲ, ಒಮ್ಮೆ ಮುಚ್ಚಿದರೆ ಆಟ ಮುಗಿಯುವವರೆಗೂ ಯಾರಿಗೂ ತೆರೆಯುವುದಿಲ್ಲ ಎಂದು ಗೈಡು ವಿವರಿಸಿದ. ಈಗಲೇ ಒಳಗೆ ಹೋದರೆ ನಡುವೆ ನಿಲ್ಲಲು ಜಾಗ ಸಿಗುತ್ತದೆ ಎಂದ. ಅವಳು ಕದಲಲಿಲ್ಲ. ಟಿಕೆಟು ಅವಳ ಹತ್ತಿರವಿದೆ, ಅವರು ಬಂದರೆ ಬಾಗಿಲಲ್ಲಿ ಬಿಡುವುದಿಲ್ಲ. ಅದು ಗೈಡಿಗೆ ಹೇಳಿದ ಕಾರಣ. ಹೇಳದೇ ಬಿಟ್ಟದ್ದು ಬೇರೆ. ಮಗಳು ಹುಟ್ಟಿದ್ದನ್ನು ಒಬ್ಬಳೇ ನೋಡಿದಳು, ಅಪ್ಪ ಹೋದದ್ದನ್ನು ಒಬ್ಬಳೇ ನೋಡಿದಳು, ಶಾಲು ಹೊದ್ದು ಒಬ್ಬಳೇ ಕೂತಳು. ಇದೊಂದನ್ನು ಒಬ್ಬಳೇ ನೋಡಲಾರೆ ಎಂದು ಅವಳಿಗೆ ಹಟ ಹುಟ್ಟಿತ್ತು.

ಹನ್ನೆರಡು ದಾಟಿತು. ಅರ್ಧ ಗಂಟೆ ಸೇರಿಸಿಕೊಂಡಿರುತ್ತಾರೆ, ಅದು ಲೆಕ್ಕದಲ್ಲಿದೆ. ಅದರ ಮೇಲೆ ತಮ್ಮ ಪಾಲಿನದನ್ನು ಸೇರಿಸದಿದ್ದರೆ ಸಾಕು ಎಂದುಕೊಂಡಳು. ಹತ್ತು ನಿಮಿಷ ಕಳೆಯಿತು. ಗೈಡನ್ನು ಅಂಗಡಿಗೆ ಅಟ್ಟಿದಳು. ಅವನು ಹೋದವನು ಬೆವರು ಸುರಿಸಿಕೊಂಡು ಓಡಿಬಂದು, ಅಂಗಡಿ ಬಾಗಿಲು ಹಾಕಿದೆ, ಒಳಗೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿದೆ, ಇಬ್ಬರೂ ಹೊರಟರೆಂದು ಪಕ್ಕದವರು ಹೇಳಿದರು ಎಂದ. ಹೊರಟರು ಎಂದಮೇಲೆ ಮೆಟ್ಟಿಲ ಮೇಲಿರಬೇಕು. ಗಂಟೆಯಮ್ಮ ಮೆಟ್ಟಿಲ ತುದಿಗೆ ಬಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಹತ್ತುವವರ ತಲೆಗಳಲ್ಲಿ ಯಾವ ತಲೆಯೂ ಅವರದಲ್ಲ. ದಾರಿಯಲ್ಲಿ ಯಾರದಾದರೂ ಕೈಗಡಿಯಾರ ನಿಂತಿದ್ದು ಕಣ್ಣಿಗೆ ಬಿತ್ತೋ ಏನೋ ಎಂದು ಹಲ್ಲು ಕಡಿದಳು.

ಒಳಗೆ ಗಂಟೆ ಹೊಡೆಯಿತು.

ಆ ಸದ್ದಿಗೆ ಅವಳ ಮೈ ತಾನೇ ತಿರುಗಿತು. ಮೂವತ್ತೊಂದು ವರ್ಷ ಆ ಸದ್ದು ಅವಳ ಕೈಯಿಂದಲೇ ಹೊರಟಿತ್ತು, ಅದರ ಈಚೆ ಅವಳು ಒಮ್ಮೆಯೂ ನಿಂತವಳಲ್ಲ. ಗೈಡು ಬನ್ನಿ ಅಮ್ಮಾ ಎಂದು ಕೈ ಹಿಡಿದು ಎಳೆದ. ಅವಳು ಇನ್ನೊಂದು ಸಲ, ಒಂದೇ ಒಂದು ಸಲ, ಮೆಟ್ಟಿಲ ಕಡೆ ನೋಡಿದಳು. ಆಮೇಲೆ ಓಡಿದಳು. ಅರವತ್ತನಾಲ್ಕರ ಮೊಣಕಾಲಿಗೆ ಆ ಓಣಿ ಮುಗಿಯಲೇ ಇಲ್ಲ. ಹತ್ತು ಹೆಜ್ಜೆ ಉಳಿದಿರುವಾಗ ಬಾಗಿಲು ಮುಚ್ಚಿತು.

ಬಾಗಿಲ ಹೊರಗೆ ಒಬ್ಬ ಕಾವಲುಗಾರ ಕೈಕಟ್ಟಿ ನಿಂತಿದ್ದ. ಅವಳು ಎರಡೂ ಟಿಕೆಟುಗಳನ್ನು ಅವನ ಮುಖದ ಮುಂದೆ ಹಿಡಿದಳು. ನಾಳೆಯಿಂದ ಮುಚ್ಚುತ್ತಾರೆ, ಒಂದು ಬೆರಳಿನಷ್ಟು ತೆಗೆ, ನುಸುಳಿಕೊಂಡು ಹೋಗುತ್ತೇನೆ ಎಂದಳು. ಅವಳು ಯಾರಲ್ಲೂ ಹಾಗೆ ಬೇಡಿದವಳಲ್ಲ.

"ಗಂಟೆ ಆಯ್ತಮ್ಮ," ಎಂದ ಕಾವಲುಗಾರ.

ಅವನ ಮುಖದಲ್ಲಿ ಕೋಪವಿರಲಿಲ್ಲ, ಕನಿಕರವೂ ಇರಲಿಲ್ಲ. ಆ ಮುಖವನ್ನು ಅವಳು ತಾನೇ ಅಷ್ಟು ವರ್ಷ ಹೊತ್ತುಕೊಂಡು ನಿಂತಿದ್ದಳು. ಗೋಡೆಗೆ ಒರಗಿ ನಿಂತಳು. ಸ್ವಲ್ಪ ಹೊತ್ತಿಗೆ ಬಾಗಿಲಾಚೆ ನೂರಾರು ಜನ ಒಟ್ಟಿಗೇ "ಆ..." ಎಂದರು. ಅದಾದ ಮೇಲೆ ಪಿಟ್ಟೆಂದು ಒಂದು ಸದ್ದಿಲ್ಲ. ಆರು ನಿಮಿಷ ಅವಳು ಆ ಮರದ ಬಾಗಿಲಿನ ಮೊಳೆಗಳನ್ನು ನೋಡುತ್ತ ನಿಂತಳು.

ಬಾಗಿಲು ತೆರೆಯಿತು. ಜನ ಕಣ್ಣುಜ್ಜಿಕೊಳ್ಳುತ್ತ, ಒಬ್ಬರಿಗೊಬ್ಬರು ಮಾತಾಡದೆ ಹೊರಬಂದರು. ಎಲ್ಲರಿಗಿಂತ ಕೊನೆಗೆ, ಅಂಗಡಿಯವನ ಜೊತೆಯಲ್ಲಿ, ಯಜಮಾನರು ಬಂದರು.

ಅವಳಿಗೆ ಒಂದು ಕ್ಷಣ ಇದು ಹೇಗೆ ಎಂದು ತಿಳಿಯಲಿಲ್ಲ. ಅಂಗಡಿಯವನೇ ಹಲ್ಲುಬಿಟ್ಟುಕೊಂಡು ಹೇಳಿದ. ತಾತನ ಗಡಿಯಾರ ಓಡಿದ್ದಕ್ಕೆ ಅವನಿಗೆ ಖುಷಿಯೋ ಖುಷಿ. ಕಾರು ಹೋಗದ ಹಿಂದಿನ ರಸ್ತೆಯಿಂದ ಸ್ಕೂಟರಿನಲ್ಲಿ ಕರೆತಂದನಂತೆ. ಹಿಂಬಾಗಿಲ ಕಾವಲಿನವನು ಅವನ ಭಾವಮೈದುನನಂತೆ, ಟಿಕೆಟ್ಟು ಗಿಕೆಟ್ಟು ಏನೂ ಕೇಳದೆ ಬಿಟ್ಟನಂತೆ. ಹನ್ನೆರಡು ಇಪ್ಪತ್ತಕ್ಕೇ ಒಳಗಿದ್ದರಂತೆ. ಇಷ್ಟು ಹೇಳಿ ಅವಳ ಮುಖ ನೋಡಿದವನು ಮೆಲ್ಲಗೆ ಜಾಗ ಖಾಲಿ ಮಾಡಿದ.

ಯಜಮಾನರು ಅವಳ ಕೈಯಲ್ಲಿದ್ದ ಎರಡು ಟಿಕೆಟುಗಳನ್ನು ನೋಡಿದರು. ಹರಿದಿರಲಿಲ್ಲ.

"ನೀನು ಹನ್ನೆರಡು ಅಂದೆ. ಅಂದ್ರೆ ಹನ್ನೆರಡೂವರೆ ಅಂತ ಬಂದೆ," ಎಂದರು. "ನೀನು ಯಾವತ್ತೂ ಮೊದಲೇ ಇರ್ತೀಯ. ಒಳಗಿದ್ದೀಯ ಅಂದ್ಕೊಂಡೆ."

"ನೀವು ಯಾವತ್ತೂ ತಡವಾಗೇ ಬರ್ತೀರ. ಹೊರಗೇ ಕಾದೆ."

ಮೂವತ್ತೆಂಟು ವರ್ಷದಲ್ಲಿ ಒಂದು ದಿನ ಹೊತ್ತಿಗೆ ಸರಿಯಾಗಿ ಬಂದರು, ಅದೂ ತನ್ನನ್ನು ಬಿಟ್ಟು. ಈ ಮನುಷ್ಯನನ್ನು ಏನು ಮಾಡಬೇಕು? ಆದರೂ ಅವಳಿಗೆ ತಿಳಿಯಬೇಕಿತ್ತು. ಮೂವತ್ತೊಂದು ವರ್ಷ ನೋಡಿದ ಮಸುಕು ಮಚ್ಚೆಗಳು ನಿಜದಲ್ಲಿ ಹೇಗಿವೆ ಎಂದು ಯಾರಾದರೂ ಹೇಳಬೇಕಿತ್ತು.

"ಹೋಗ್ಲಿ," ಎಂದಳು. "ಹಕ್ಕಿಗಳು ಹೇಗಿದ್ದವು? ಅದನ್ನಾದ್ರೂ ಹೇಳಿ."

ಯಜಮಾನರು ತಲೆ ತಗ್ಗಿಸಿದರು. ಭೂತಗನ್ನಡಿಯನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೇ ಹಾಕಿದರು.

"ನೋಡ್ಲಿಲ್ಲ."

"ನೋಡ್ಲಿಲ್ಲ ಅಂದ್ರೆ?"

"ಬೆಳಕು ಬಿತ್ತು. ಎಲ್ಲರೂ ಕತ್ತು ಮೇಲೆತ್ತಿದ್ರು. ಒಬ್ಬೊಬ್ಬರ ಮುಖಾನೂ ಸ್ಪಷ್ಟ ಕಾಣ್ತಿತ್ತು. ಇದೇ ಸಮಯ ಅಂತ ನಿನ್ನ ಹುಡುಕ್ದೆ. ಆ ಕಡೆಯಿಂದ ಈ ಕಡೆವರೆಗೂ ಹುಡುಕ್ದೆ. ಅಷ್ಟರಲ್ಲಿ ಕತ್ತಲಾಯ್ತು."

ಗಂಟೆಯಮ್ಮ ಅವರನ್ನೇ ನೋಡಿದಳು. ಬೇರೆ ಯಾವ ಹೆಂಡತಿಯಾದರೂ ಕರಗಿ ನೀರಾಗುತ್ತಿದ್ದಳೇನೋ. ಇವಳಿಗೆ ರೇಗಿಹೋಯಿತು.

"ಇಬ್ಬರಲ್ಲಿ ಒಬ್ಬರಾದ್ರೂ ನೋಡ್ಬೇಕಿತ್ತಲ್ರೀ," ಎಂದಳು. "ನೀವು ನೋಡಿದ್ರೆ ನಿಮ್ಮ ಬಾಯಲ್ಲಿ ಕೇಳ್ತಿದ್ದೆ. ನನ್ನ ಮುಖ ಮನೇಲಿ ಇರಲ್ವಾ? ದಿನಾ ಇರಲ್ವಾ?"

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಟಿಕೆಟು ಎರಡನ್ನೂ ಕಾವಲುಗಾರನ ಕೈಗಿತ್ತಳು. ಅವನು ಈಗ ಒಳಗೆ ಕತ್ತಲೆ ಬಿಟ್ಟು ಏನೂ ಇಲ್ಲ, ಒಂದು ಗಂಟೆಗೆ ಬೀಗ ಹಾಕುತ್ತಾರೆ ಎಂದ. ಇರಲಿ, ನಮ್ಮ ಟಿಕೆಟು, ನಾವು ಹೋಗುತ್ತೇವೆ ಎಂದಳು. ಅವನು ಹರಿದು ಅರ್ಧ ವಾಪಸು ಕೊಟ್ಟ, ಗೈಡೂ ಅವರ ಹಿಂದೆಯೇ ಒಳಹೊಕ್ಕ ಮೇಲೆ ಬಾಗಿಲು ಎಳೆದುಕೊಂಡ.

ಒಳಗೆ ಕಾಲಿಟ್ಟರೆ ಕಾಲು ಕಾಣದು. ಕೈಯಿಂದ ತಡವರಿಸಿಕೊಂಡು ಹೋಗಿ ಒಂದು ಕಂಬದ ಬುಡದಲ್ಲಿ ಕೂತಳು. ಕಲ್ಲು ತಣ್ಣಗಿತ್ತು. ಯಜಮಾನರು ಒಂದು ಮಾರು ದೂರದಲ್ಲಿ ಕೂತು, ಆಮೇಲೆ ಸ್ವಲ್ಪ ಸ್ವಲ್ಪವೇ ಹತ್ತಿರ ಜರುಗಿದರು. ಅವಳು ಹತ್ತಿರ ಬನ್ನಿ ಎನ್ನಲಿಲ್ಲ, ದೂರ ಹೋಗಿ ಎಂದೂ ಹೇಳಲಿಲ್ಲ. ಕತ್ತೆತ್ತಿ ಮೇಲೆ ನೋಡಿದಳು. ಏನೂ ಇಲ್ಲ, ಬರೀ ಕಪ್ಪು.

"ಎಷ್ಟು ಹೊತ್ತಿತ್ತು ಬೆಳಕು?" ಎಂದು ಕೇಳಿದಳು.

"ಗೊತ್ತಿಲ್ಲ. ವಾಚು ನೋಡ್ಲಿಲ್ಲ."

ಎಲ್ಲೋ ಹಿಂದೆ ಗೈಡು ಕಾಲು ಬದಲಿಸುವ ಸದ್ದು ಕೇಳಿಸಿತು. ಪಾಪ, ಬೆಳಿಗ್ಗೆಯಿಂದ ಅವನ ಬಾಯಿ ಮುಚ್ಚಿಸಿದ್ದೇ ಆಗಿತ್ತು.

"ಹೇಳಪ್ಪಾ ನಿನ್ನ ಕಥೆ," ಎಂದಳು. "ಮೊದಲಿಂದ ಹೇಳು."

ಅವನು ಗಂಟಲು ಸರಿಮಾಡಿಕೊಂಡ. ಬಹಳ ಹಿಂದೆ ಈ ಬೆಟ್ಟದ ಮೇಲೆ ಒಂದು ಹಕ್ಕಿಯೂ ಇರಲಿಲ್ಲ ಎಂದ. ಮೊದಲು ಬಂದದ್ದು ಗುಬ್ಬಿ, ಸರಿಯಾಗಿ ನಿಮ್ಮ ತಲೆಯ ಮೇಲೆ ಛಾವಣಿಯಲ್ಲಿದೆ, ಕೊಕ್ಕಿನಲ್ಲಿ ಒಂದು ಕಡ್ಡಿ ಹಿಡಿದಿದೆ ಎಂದ. ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಸುಮ್ಮನಿರಿ ಎಂದು ಅವಳು ಅವರ ಮೊಣಕೈ ಹಿಡಿದಳು.

ಎರಡನೆಯದು ಕಾಗೆ ಎಂದ ಗೈಡು, ಅದು ಗುಬ್ಬಿಯ ಕಡೆ ನೋಡುತ್ತಿದೆ ಎಂದ. ಅವಳು ಕತ್ತಲೆಯಲ್ಲಿ ಆ ಕಡೆಗೆ ಕತ್ತು ತಿರುಗಿಸಿದಳು.